ಯಾವ ಕೆಥೆಡ್ರಲ್‌ಗೆ ಗೈಡ್ ಬೇಕು, ಯಾವುದಕ್ಕೆ ಬೇಡ: ಬೆಂಗಳೂರಿಗರಿಗೆ ಒಂದು ಹೋಲಿಕೆ

ಎಂ.ಜಿ. ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟೋ ಮಂದಿ ಆ ರಸ್ತೆಯ ಎರಡು ತುದಿಗಳಲ್ಲಿರುವ ಹಳೆಯ ಚರ್ಚ್‌ಗಳ ಕಾಂಪೌಂಡಿನೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಅನ್ಯಧರ್ಮದವರನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಸಂಕೋಚ ಕೆಲವರಿಗೆ. ಒಳಗೆ ಹೋದರೂ ಏನನ್ನು ನೋಡಬೇಕೆಂದು ತಿಳಿಯದು ಎಂಬ ಅಳುಕು ಇನ್ನು ಕೆಲವರಿಗೆ. ಪರಂಪರೆಯ ನಡಿಗೆಗಳು ನಗರದಲ್ಲಿ ರೂಢಿಗೆ ಬಂದ ಮೇಲೆ ಈ ಸಂಕೋಚ ಸ್ವಲ್ಪ ಕಡಿಮೆಯಾಗಿದೆ. ಯಾವ ಚರ್ಚನ್ನು ನೋಡಬೇಕು, ಗೈಡ್ ಜೊತೆ ಹೋಗಬೇಕೇ ಅಥವಾ ತಾವೇ ಹೋದರೆ ಸಾಕೇ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಸಾಮಾನ್ಯವಾಗಿ ಇವುಗಳನ್ನು ಎರಡು ಪ್ರಶ್ನೆಗಳೆಂದು ಭಾವಿಸುತ್ತಾರೆ. ನನ್ನ ಮಟ್ಟಿಗೆ ಇವೆರಡೂ ಒಂದೇ, ಏಕೆಂದರೆ ಗೈಡ್ ಹೇಳುವ ಮಾತಿಗೆ ಎಲ್ಲ ಕಟ್ಟಡಗಳಲ್ಲಿಯೂ ಒಂದೇ ಬೆಲೆ ಇರುವುದಿಲ್ಲ. ಗೋಡೆಯ ತುಂಬ ಶಾಸನಗಳಂತೆ ಸ್ಮಾರಕ ಫಲಕಗಳಿರುವ ಚರ್ಚಿನಲ್ಲಿ ಓದಿ ವಿವರಿಸುವವರು ಇಲ್ಲದಿದ್ದರೆ ಅರ್ಧದಷ್ಟು ಸಂಗತಿ ಕಣ್ಣಿಗೇ ಬೀಳುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಭಕ್ತರಿಂದ ತುಂಬಿರುವ ದೇವಾಲಯದಲ್ಲಿ ಅದೇ ವಿವರಣೆ ಬೇರೆಯವರ ಪ್ರಾರ್ಥನೆಗೆ ಅಡ್ಡಿಯಾಗುತ್ತದೆ.

ಲಂಡನ್ನಿನ ಸೇಂಟ್ ಪಾಲ್ಸ್‌ನಂಥ ಕಡೆಗಳಲ್ಲಿ ಪ್ರವಾಸಿಗರಿಗೆ ಟಿಕೆಟ್, ಆಡಿಯೋ ಗೈಡ್ ಮುಂತಾದ ಏರ್ಪಾಡುಗಳಿರುತ್ತವೆ. ನಮ್ಮಲ್ಲಿ ಪ್ರವೇಶಶುಲ್ಕವೂ ಇಲ್ಲ, ಆ ಬಗೆಯ ಏರ್ಪಾಡೂ ಇಲ್ಲ. ಇವೆಲ್ಲ ಮೊದಲು ಆರಾಧನೆಯ ಸ್ಥಳಗಳು, ಆಮೇಲೆ ನೋಡುವ ಸ್ಥಳಗಳು. ಆದ್ದರಿಂದ ಯಾವ ದಿನ, ಯಾವ ಹೊತ್ತಿಗೆ, ಯಾರ ಜೊತೆ ಹೋಗುತ್ತೇವೆ ಎಂಬುದನ್ನು ನಾವೇ ತೀರ್ಮಾನಿಸಬೇಕಾಗುತ್ತದೆ.

ಹೋಲಿಕೆಗೆ ಇಳಿಯುವ ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳುವುದು ಒಳ್ಳೆಯದು. ದೊಡ್ಡ ಚರ್ಚ್‌ಗಳೆಲ್ಲ ಕೆಥೆಡ್ರಲ್‌ಗಳಲ್ಲ. ಬಿಷಪ್ಪರ ಅಧಿಕೃತ ಪೀಠ ಎಲ್ಲಿದೆಯೋ ಅದು ಮಾತ್ರ ಕೆಥೆಡ್ರಲ್, ಅಂದರೆ ಪ್ರಧಾನಾಲಯ. ಬೆಂಗಳೂರಿನ ಹಳೆಯ ಚರ್ಚ್‌ಗಳ ಪೈಕಿ ಅಂಥವು ಮುಖ್ಯವಾಗಿ ಎರಡು: ಪ್ರಾಟೆಸ್ಟೆಂಟರ ಚರ್ಚ್ ಆಫ್ ಸೌತ್ ಇಂಡಿಯಾದ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಮತ್ತು ಕಥೋಲಿಕರ ಸಂತ ಫ್ರಾನ್ಸಿಸ್ ಝೇವಿಯರ್ ಪ್ರಧಾನಾಲಯ. ಎಲ್ಲರಿಗೂ ಪರಿಚಿತವಾದ ಶಿವಾಜಿನಗರದ ಸೇಂಟ್ ಮೇರೀಸ್ ಕೆಥೆಡ್ರಲ್ ಅಲ್ಲ, ಪೋಪರಿಂದ 1973ರಲ್ಲಿ ಬಸಿಲಿಕಾ ಎಂಬ ಗೌರವ ಪಡೆದ ದೇವಾಲಯ. ಮೈಸೂರಿನ ಸಂತ ಫಿಲೋಮಿನಾ ಚರ್ಚ್ ಆ ಊರಿನ ಕಥೋಲಿಕ ಧರ್ಮಪ್ರಾಂತ್ಯದ ಕೆಥೆಡ್ರಲ್. ನೋಡುಗರ ಆಸಕ್ತಿಗೆ ಈ ಪದವಿಗಳಿಂದ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲವಾದರೂ, ‘ಕೆಥೆಡ್ರಲ್ ಟೂರ್’ ಎಂಬ ಹೆಸರಿನಲ್ಲಿ ಯಾರಾದರೂ ನಿಮ್ಮನ್ನು ಶಿವಾಜಿನಗರಕ್ಕೆ ಮಾತ್ರ ಕರೆದೊಯ್ದರೆ ಆ ಗೈಡ್‌ನ ತಯಾರಿ ಎಷ್ಟೆಂದು ಅಲ್ಲಿಯೇ ತಿಳಿಯುತ್ತದೆ.

ಗೈಡ್ ಇದ್ದರೆ ಮಾತ್ರ ತೆರೆದುಕೊಳ್ಳುವ ಸೇಂಟ್ ಮಾರ್ಕ್ಸ್

ಬೆಂಗಳೂರಿನಲ್ಲಿ ಒಂದೇ ಒಂದು ಕೆಥೆಡ್ರಲ್‌ಗೆ ಗೈಡ್‌ನ ಖರ್ಚು ಮಾಡಬಹುದು ಎಂದಾದರೆ ನಾನು ಸೇಂಟ್ ಮಾರ್ಕ್ಸ್ ಅನ್ನು ಆರಿಸುತ್ತೇನೆ. ಇದರ ಕೆಲಸ 1808ರಲ್ಲಿ ಆರಂಭವಾಗಿ 1812ರಲ್ಲಿ ಮುಗಿಯಿತು. 1816ರಲ್ಲಿ ಕಲ್ಕತ್ತೆಯ ಬಿಷಪ್ಪರು ಇದನ್ನು ಪವಿತ್ರೀಕರಿಸಿದರು. ಕಲ್ಕತ್ತೆಯಿಂದ ಯಾಕೆ ಬರಬೇಕಾಯಿತು ಎಂದರೆ, ಆಗ ಭಾರತದಲ್ಲಿದ್ದ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿಗೆ ಸೇರಿದ, ಬಿಷಪ್ ಅವರೊಬ್ಬರೇ. ಈ ವರ್ಷಗಳ ಸುತ್ತಮುತ್ತ ನಡೆದದ್ದೇನು ಎಂಬುದನ್ನು ಒಬ್ಬ ಒಳ್ಳೆಯ ಗೈಡ್ ಮೊದಲು ಹೇಳಬೇಕು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತಿತ್ತು. ಅಲ್ಲಿನ ಜ್ವರ ತಾಳಲಾರದೆ 1809ರ ಹೊತ್ತಿಗೆ ಅದು ಬೆಂಗಳೂರಿಗೆ ಬಂದು ದಂಡು ಪ್ರದೇಶ ಹುಟ್ಟಿಕೊಂಡಿತು. ಹಲಸೂರಿನ ಕಡೆಗೆ ಹಬ್ಬಿದ ಆ ದಂಡಿಗೂ ಕೋಟೆಯ ಪಕ್ಕದ ಪೇಟೆಗೂ ನಡುವೆ ಈ ಚರ್ಚ್ ಎದ್ದು ನಿಂತದ್ದರಿಂದ, ಇದರ ಗೋಡೆಗಳ ಮೇಲೆ ಬರೆದಿರುವುದು ಮುಖ್ಯವಾಗಿ ಸೇನೆಯ ಚರಿತ್ರೆ.

ಆ ಫಲಕಗಳೇ ಇಲ್ಲಿನ ನಿಜವಾದ ಸಂಪತ್ತು. ರೆಜಿಮೆಂಟುಗಳ ಹೆಸರು, ಕಾಯಿಲೆಯಿಂದಲೋ ಯುದ್ಧದಿಂದಲೋ ಸತ್ತ ಅಧಿಕಾರಿಗಳ ಹೆಸರು, ಅವರ ಹೆಂಡತಿ ಮಕ್ಕಳ ಹೆಸರು ಸಾಲುಸಾಲಾಗಿ ಬರುತ್ತವೆ. ಅವು ಹಳೆಯ ಶೈಲಿಯ ಇಂಗ್ಲಿಷಿನಲ್ಲಿ ಇರುವುದರಿಂದ ಸುಮ್ಮನೆ ಓದುತ್ತಾ ಹೋದರೆ ನಾಲ್ಕನೆಯ ಫಲಕಕ್ಕೇ ಬೇಸರವಾಗುತ್ತದೆ. ಯಾವ ರೆಜಿಮೆಂಟ್ ಎಲ್ಲಿ ಬೀಡುಬಿಟ್ಟಿತ್ತು, ಆ ದಂಡಿನ ನೆನಪು ಇಂದು ಯಾವ ರಸ್ತೆಯ ಹೆಸರಿನಲ್ಲಿ ಉಳಿದಿದೆ ಎಂದು ಜೋಡಿಸಿ ಹೇಳುವವರು ಜೊತೆಗಿದ್ದರೆ ಮಾತ್ರ ಅವು ಊರಿನ ನಕ್ಷೆಯಾಗುತ್ತವೆ. ಜನರಲ್ ಕಬ್ಬನ್‌ನ ಹೆಸರಿನ ಉದ್ಯಾನದ ಎದುರಿನಲ್ಲೇ ಈ ಕೆಥೆಡ್ರಲ್ ಇರುವುದರಿಂದ, ಒಳಗಿನ ಮಾತನ್ನು ಹೊರಗಿನ ರಸ್ತೆಗೆ ಕೊಂಡುಹೋಗುವುದು ಗೈಡ್‌ಗೆ ಕಷ್ಟವೇನಲ್ಲ.

ಕಟ್ಟಡದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಇದು ಸೇಂಟ್ ಪಾಲ್ಸ್‌ನ ಮಾದರಿಯಲ್ಲಿದೆ ಎಂದು ಎಲ್ಲ ಕಡೆಯೂ ಬರೆದಿರುತ್ತಾರೆ. ಹಾಗೆ ಓದಿಕೊಂಡು ಹೋದವರಿಗೆ ಮೊದಲ ನೋಟದಲ್ಲಿ ನಿರಾಸೆಯಾಗುವುದು ಸಹಜ. ಲಂಡನ್ನಿನ ಗುಮ್ಮಟದ ಎತ್ತರ 365 ಅಡಿ. ಇಲ್ಲಿನದು ಅದಕ್ಕೆ ಯಾವ ರೀತಿಯಲ್ಲೂ ಸಾಟಿಯಲ್ಲ. ಹೋಲಿಕೆ ಇರುವುದು ಗಾತ್ರದಲ್ಲಲ್ಲ, ಶೈಲಿಯಲ್ಲಿ: ಚೂಪು ಕಮಾನುಗಳ ಬದಲು ಅರ್ಧವೃತ್ತದ ಕಮಾನು, ಗ್ರೀಕ್ ರೋಮನ್ ಮಾದರಿಯ ಕಂಬ, ನೆತ್ತಿಯ ಮೇಲೊಂದು ಗುಮ್ಮಟ. ಜೊತೆಗೆ, ನಾವು ಇಂದು ನೋಡುವ ಕಟ್ಟಡ ಪೂರ್ತಿಯಾಗಿ 1812ರದ್ದೂ ಅಲ್ಲ. 20ನೆಯ ಶತಮಾನದ ಆರಂಭದಲ್ಲಿ ಇದನ್ನು ವಿಸ್ತರಿಸಿದರು, 1923ರಲ್ಲಿ ಬೆಂಕಿಗೆ ತುತ್ತಾದ ಮೇಲೆ ಮತ್ತೆ ಕಟ್ಟಿ 1927ರಲ್ಲಿ ತೆರೆದರು. ಯಾವ ಭಾಗ ಯಾವ ಕಾಲದ್ದು ಎಂದು ಕೈ ತೋರಿಸಿ ಹೇಳಬಲ್ಲ ಗೈಡ್ ಸಿಕ್ಕರೆ ಕೊಟ್ಟ ಹಣ ಸಾರ್ಥಕ. ‘ಇನ್ನೂರು ವರ್ಷ ಹಳೆಯದು’ ಎಂದಷ್ಟೇ ಹೇಳಿ ಫೋಟೋಗೆ ನಿಲ್ಲಿಸುವವರಿಗೆ ಕೊಡುವುದಕ್ಕಿಂತ ಸುಮ್ಮನೆ ಒಳಗೆ ಹೋಗಿ ಕೂರುವುದೇ ವಾಸಿ.

ಎಂ.ಜಿ. ರಸ್ತೆಯ ಇನ್ನೊಂದು ತುದಿಯ ಹೋಲಿ ಟ್ರಿನಿಟಿ ಚರ್ಚ್ ಕೆಥೆಡ್ರಲ್ ಅಲ್ಲವಾದರೂ ಸೇಂಟ್ ಮಾರ್ಕ್ಸ್ ಜೊತೆಗೆ ಇದನ್ನು ಸೇರಿಸಿಕೊಂಡರೆ ಪ್ರವಾಸ ಪೂರ್ಣವಾಗುತ್ತದೆ. 1851ರಲ್ಲಿ ಮುಗಿದ ಇದು ಕೂಡ ಸೇನೆಗಾಗಿ ಕಟ್ಟಿದ ಚರ್ಚ್. ಟ್ರಿನಿಟಿ ವೃತ್ತಕ್ಕೂ ಮೆಟ್ರೋ ನಿಲ್ದಾಣಕ್ಕೂ ಹೆಸರು ಬಂದಿರುವುದು ಇದರಿಂದಲೇ. ಇಲ್ಲಿರುವ ಜನರಲ್ ಕ್ಲೆಮೆಂಟ್ ಹಿಲ್‌ನ ಸ್ಮಾರಕ ಶಿಲ್ಪವನ್ನು ತಪ್ಪದೆ ನೋಡಬೇಕು. ವಾಟರ್‌ಲೂ ಯುದ್ಧದಲ್ಲಿ ಕಾದಾಡಿದ ಈ ಅಧಿಕಾರಿ ಮೈಸೂರು ಸೀಮೆಯ ಸೇನೆಯ ಮುಖ್ಯಸ್ಥನಾಗಿದ್ದಾಗ 1845ರಲ್ಲಿ ತೀರಿಕೊಂಡದ್ದು ಯುದ್ಧಭೂಮಿಯಲ್ಲಲ್ಲ, ನಮ್ಮ ಗೇರುಸೊಪ್ಪೆ ಜಲಪಾತದ, ಅಂದರೆ ಜೋಗದ ಬಳಿ. ಸಮಾಧಿ ಇರುವುದು ಹೊನ್ನಾವರದಲ್ಲಿ. ಜೋಗಕ್ಕೆ ಹೋಗಿಬಂದ ಕನ್ನಡಿಗರಲ್ಲಿ ಈ ಸಂಬಂಧ ಗೊತ್ತಿರುವವರು ವಿರಳ. ಗೈಡ್ ಇಲ್ಲದೆ ಹೋದವರು ಇದನ್ನು ಇನ್ನೊಂದು ಬಿಳಿ ಕಲ್ಲಿನ ಶಿಲ್ಪವೆಂದು ದಾಟಿ ಹೋಗುವ ಸಂಭವವೇ ಹೆಚ್ಚು.

ಸೇಂಟ್ ಮೇರೀಸ್ ಬಸಿಲಿಕಾ: ಮಾತು ಕಡಿಮೆ, ಹೊತ್ತು ಹೆಚ್ಚು

ಶಿವಾಜಿನಗರದ ಬಸಿಲಿಕಾಕ್ಕೆ ಇದೇ ಲೆಕ್ಕ ಅನ್ವಯಿಸುವುದಿಲ್ಲ. ಇಲ್ಲಿಯೂ ಹೇಳಿಕೊಳ್ಳಬೇಕಾದ ಚರಿತ್ರೆ ಸಾಕಷ್ಟಿದೆ. ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ 1818ರಲ್ಲಿ ಇಲ್ಲಿ ಕಟ್ಟಿಸಿದ್ದು ಒಂದು ಪುಟ್ಟ ಪ್ರಾರ್ಥನಾಲಯ. ಕಾಣಿಕೆ ಮಾತೆ ದೇವಾಲಯ ಎಂಬ ಹೆಸರು ಆಗಿನದು. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಗೆ ಬಂದು, ಇಲ್ಲಿನ ಜನರಂತೆಯೇ ಉಡುಪು ತೊಟ್ಟು, ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ ತೊಡಗಿ, 1823ರಲ್ಲಿ ತಾಯ್ನಾಡಿಗೆ ಮರಳಿದ ಈ ವ್ಯಕ್ತಿಯ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು. ಈಗ ನಿಂತಿರುವ ಗಾಥಿಕ್ ಶೈಲಿಯ ಕಟ್ಟಡದ ಕೆಲಸ 1875ರಲ್ಲಿ ಆರಂಭವಾಗಿ, 1882ರ ಸೆಪ್ಟೆಂಬರ್ 8ರಂದು ಪವಿತ್ರೀಕರಣವಾಯಿತು. ಗೋಪುರದ ಎತ್ತರ ಸುಮಾರು 160 ಅಡಿ. ಕಿಟಕಿಗಳ ಬಣ್ಣದ ಗಾಜನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಳಚಿಟ್ಟು, ಯುದ್ಧ ಮುಗಿದ ಮೇಲೆ ಮತ್ತೆ ಕೂರಿಸಿದರು.

ಆದರೆ ಈ ಸಂಗತಿಗಳನ್ನೆಲ್ಲ ಹೊರಗಿನ ಅಂಗಳದಲ್ಲಿಯೇ ಕೇಳಿ ಮುಗಿಸಬೇಕು. ಒಳಗೆ ಯಾವ ಹೊತ್ತಿಗೆ ಹೋದರೂ ಯಾರಾದರೂ ಮಂಡಿಯೂರಿ ಕುಳಿತಿರುತ್ತಾರೆ, ಜಪಸರ ಹಿಡಿದಿರುತ್ತಾರೆ, ಪರೀಕ್ಷೆಗೋ ಆಸ್ಪತ್ರೆಗೋ ಹೊರಟವರು ಮೇಣದಬತ್ತಿ ಹಚ್ಚಿ ಹೋಗುತ್ತಿರುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರೂ ಬಹಳ ಜನ. ಅಂಥ ಕಡೆ ಇಪ್ಪತ್ತು ಮಂದಿಯ ಗುಂಪಿಗೆ ಕಂಬಗಳ ವಾಸ್ತುಶೈಲಿ ವಿವರಿಸುವುದು ಸಭ್ಯತೆಯಲ್ಲ. ಬಸಿಲಿಕಾದಲ್ಲಿ ನೋಡಬೇಕಾದದ್ದು ಕಟ್ಟಡಕ್ಕಿಂತ ಹೆಚ್ಚಾಗಿ ಜನರ ಭಕ್ತಿಯ ರೀತಿ: ಮಾತೆಯ ಪ್ರತಿಮೆಗೆ ಸೀರೆ ಉಡಿಸಿರುವುದು, ಹರಕೆ ಹೊತ್ತವರ ಸಾಲು, ಕನ್ನಡ ತಮಿಳು ಇಂಗ್ಲಿಷ್ ಮೂರರಲ್ಲಿಯೂ ನಡೆಯುವ ಬಲಿಪೂಜೆ (ಮಾಸ್). ಇದಕ್ಕೆ ಗೈಡ್ ಬೇಡ. ವಾರದ ನಡುವಿನ ಒಂದು ಬೆಳಿಗ್ಗೆ ಹಿಂದಿನ ಬೆಂಚಿನಲ್ಲಿ ಕುಳಿತು ಸಾಕಷ್ಟು ಹೊತ್ತು ಇರುವ ತಾಳ್ಮೆ ಇದ್ದರೆ ಆಯಿತು.

ಹಬ್ಬದ ಸಮಯದಲ್ಲಿ ಹೋಗಬೇಕೇ ಎಂಬುದು ಬೇರೆಯೇ ಪ್ರಶ್ನೆ. ಆಗಸ್ಟ್ 29ರಂದು ಧ್ವಜಾರೋಹಣವಾಗಿ ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ಆರಂಭವಾಗುತ್ತದೆ, ಸೆಪ್ಟೆಂಬರ್ 8ರಂದು ಮಾತೆಯ ಜನನದ ಹಬ್ಬ, ಅಂದು ಸಂಜೆ ತೇರು. ಕಾವಿ ಬಣ್ಣದ ಬಟ್ಟೆ ತೊಟ್ಟು ವ್ರತ ಹಿಡಿದವರು ದೂರದೂರದಿಂದ ನಡೆದು ಬರುತ್ತಾರೆ. ನಮ್ಮ ಊರ ಜಾತ್ರೆಗಳನ್ನು ಕಂಡವರಿಗೆ ಆ ಸಂಜೆ ಯಾವುದೂ ಅಪರಿಚಿತ ಎನ್ನಿಸುವುದಿಲ್ಲ. ಚರ್ಚಿನ ವಾಸ್ತುಶಿಲ್ಪ ನೋಡಲು ಬಂದವರಿಗಾದರೆ ಆ ಹತ್ತು ದಿನಗಳು ನಿರುಪಯೋಗ. ಒಳಗೆ ನಿಲ್ಲಲು ಜಾಗ ಸಿಗುವುದಿಲ್ಲ, ಶಿವಾಜಿನಗರದ ಸುತ್ತ ವಾಹನ ಸಂಚಾರದ ಪಾಡನ್ನು ಹೇಳುವುದೇ ಬೇಡ. ಉತ್ಸವ ಬೇಕಾದವರು ಸೆಪ್ಟೆಂಬರಿನಲ್ಲಿಯೂ ಕಟ್ಟಡ ಬೇಕಾದವರು ಬೇರೆ ತಿಂಗಳಿನಲ್ಲಿಯೂ ಹೋಗಬೇಕು. ಎರಡನ್ನೂ ಒಂದೇ ಸಲ ಮುಗಿಸುತ್ತೇನೆ ಎಂದರೆ ಎರಡೂ ಸಿಗುವುದಿಲ್ಲ. ಚರ್ಚಿನ ಆಚೆಗೆ 1927ರ ರಸೆಲ್ ಮಾರುಕಟ್ಟೆ ಇದೆ. ನಡಿಗೆಯ ಆಯೋಜಕರು ಎರಡನ್ನೂ ಸೇರಿಸಿ ಕರೆದೊಯ್ಯುವುದಾದರೆ ಗೈಡ್‌ನ ಮಾತು ಮಾರುಕಟ್ಟೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಕೋಲ್ಸ್ ಪಾರ್ಕ್ ಬಳಿಯ ಸಂತ ಫ್ರಾನ್ಸಿಸ್ ಝೇವಿಯರ್ ಪ್ರಧಾನಾಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರು ಮಹಾಧರ್ಮಪ್ರಾಂತ್ಯದ ಪೀಠವಾದ ಇದು ಕಲ್ಲಿನಲ್ಲಿ ಕಟ್ಟಿದ ಗಂಭೀರವಾದ ಕಟ್ಟಡ. ಈಗಿನ ರೂಪಕ್ಕೆ ಬಂದದ್ದು 1932ರಲ್ಲಿ. ಗದ್ದಲವಿಲ್ಲದೆ ಒಂದು ಕೆಥೆಡ್ರಲ್ಲನ್ನು ನೋಡಬೇಕೆನ್ನುವವರಿಗೂ, ಮಹಾಧರ್ಮಾಧ್ಯಕ್ಷರು ನಡೆಸಿಕೊಡುವ ದೊಡ್ಡ ಆಚರಣೆಗಳನ್ನು ಕಾಣಬೇಕೆನ್ನುವವರಿಗೂ ಇದು ಸರಿ. ಪ್ರವಾಸಿಗರಿಗೆ ಇದನ್ನು ತೋರಿಸುವ ನಡಿಗೆಗಳು ಕಡಿಮೆ. ನನಗನ್ನಿಸುವಂತೆ ಅದು ದೊಡ್ಡ ನಷ್ಟವೇನಲ್ಲ, ಇಲ್ಲಿನ ಸೊಗಸು ವಿವರಣೆಯಿಲ್ಲದೆಯೂ ದಕ್ಕುತ್ತದೆ.

ಪಟ್ಟಿಯಲ್ಲಿ ಇಲ್ಲದ ಎರಡು

ಕೆಥೆಡ್ರಲ್‌ಗಳಿಗಷ್ಟೇ ಅಂಟಿಕೊಂಡವರು ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಮತ್ತು ಹಡ್ಸನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚ್ ಎರಡನ್ನೂ ಕಳೆದುಕೊಳ್ಳುತ್ತಾರೆ. ಸೇಂಟ್ ಆಂಡ್ರ್ಯೂಸ್ 1860ರ ದಶಕದಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದವರಿಗಾಗಿ ಕಟ್ಟಿದ್ದು. ಗಡಿಯಾರದ ಗೋಪುರ, ಬಣ್ಣದ ಗಾಜು, ಹಳೆಯ ಪೈಪ್ ಆರ್ಗನ್ ಇದರ ಹೆಗ್ಗಳಿಕೆ. ಆರ್ಗನ್ ನೋಡಲು ಹೋಗುವುದಕ್ಕಿಂತ ಕೇಳಲು ಹೋಗುವುದು ಮೇಲು, ಅಂದರೆ ಆರಾಧನೆಯ ಹೊತ್ತಿಗೆ ಅಥವಾ ಕ್ರಿಸ್‌ಮಸ್ ಸಮಯದ ಗಾಯನ ಕಾರ್ಯಕ್ರಮಗಳಿಗೆ.

ಹಡ್ಸನ್ ಚರ್ಚ್ ಕನ್ನಡ ಓದುಗರಿಗೆ ಇನ್ನಷ್ಟು ಹತ್ತಿರದ್ದು. ಉಳಿದವೆಲ್ಲ ದಂಡು ಪ್ರದೇಶದ ಚರ್ಚ್‌ಗಳಾದರೆ ಇದು ಪೇಟೆಯ ಅಂಚಿನಲ್ಲಿದೆ. ವೆಸ್ಲಿಯನ್ (ಮೆಥಡಿಸ್ಟ್) ಮಿಷನ್ನಿನ ಜೊಸೈಯಾ ಹಡ್ಸನ್ ಕನ್ನಡ ಶಾಲೆಗಳಿಗಾಗಿ ದುಡಿದವರು, ಅವರ ನೆನಪಿಗೆ 1904ರಲ್ಲಿ ಎದ್ದ ಈ ಚರ್ಚಿನ ಆರಾಧನೆಯ ಭಾಷೆ ಕನ್ನಡ. ದಂಡು ಮತ್ತು ಪೇಟೆ 1949ರವರೆಗೆ ಬೇರೆಬೇರೆ ಆಡಳಿತದಲ್ಲಿದ್ದವು ಎಂಬುದನ್ನು ಪಾಠದಲ್ಲಿ ಓದಿದರೆ ಮರೆತುಹೋಗುತ್ತದೆ. ಒಂದೇ ದಿನ ಸೇಂಟ್ ಮಾರ್ಕ್ಸ್ ನೋಡಿಕೊಂಡು ಕಬ್ಬನ್ ಪಾರ್ಕ್ ದಾಟಿ ಹಡ್ಸನ್ ವೃತ್ತದವರೆಗೆ ನಡೆದು ಬಂದರೆ ಫಲಕಗಳ ಭಾಷೆ ಬದಲಾಗುವುದರಲ್ಲಿಯೇ ಅದು ಕಾಣುತ್ತದೆ. ಇನ್ನೊಂದು ಸಂಗತಿಯೂ ಇದೆ. 1947ರ ಸೆಪ್ಟೆಂಬರಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ರೂಪುಗೊಂಡಾಗ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮುಂತಾದ ಪಂಗಡಗಳು ಒಂದಾದವು. ಆದ್ದರಿಂದ ಇಂದು ಒಂದೇ ಸಂಸ್ಥೆಗೆ ಸೇರಿದ ಸೇಂಟ್ ಮಾರ್ಕ್ಸ್, ಸೇಂಟ್ ಆಂಡ್ರ್ಯೂಸ್, ಹಡ್ಸನ್ ಮೂರೂ ಹುಟ್ಟಿನಲ್ಲಿ ಮೂರು ಬೇರೆ ಪಂಗಡಗಳವು. ಒಳಗೆ ಬಲಿಪೀಠ, ಪ್ರಸಂಗವೇದಿಕೆ ಎಲ್ಲೆಲ್ಲಿವೆ, ಅಲಂಕಾರ ಎಷ್ಟಿದೆ ಎಂದು ಹೋಲಿಸಿ ನೋಡುವುದಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಶೈಲಿಯ ವಿಷಯದಲ್ಲಿ ಬೆಂಗಳೂರಿನ ಒಂದು ತಮಾಷೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಗಾಥಿಕ್ ಎಂಬುದು ಯುರೋಪಿನಲ್ಲಿ ಮಧ್ಯಯುಗದ ಶೈಲಿ, ಗುಮ್ಮಟ ಮತ್ತು ಅರ್ಧವೃತ್ತ ಕಮಾನಿನ ಸೇಂಟ್ ಪಾಲ್ಸ್ ಅದಕ್ಕಿಂತ ಎಷ್ಟೋ ಈಚಿನದು. ನಮ್ಮಲ್ಲಿ ಕ್ರಮ ತಿರುವುಮುರುವು. ಮೊದಲು ಬಂದದ್ದು ಸೇಂಟ್ ಮಾರ್ಕ್ಸ್, ಟ್ರಿನಿಟಿಗಳ ಅರ್ಧವೃತ್ತ ಕಮಾನು. ಚೂಪು ಕಮಾನಿನ ಬಸಿಲಿಕಾ, ಹಡ್ಸನ್, ಮೈಸೂರಿನ ಫಿಲೋಮಿನಾ ಎಲ್ಲ ಆಮೇಲಿನವು, ಗಾಥಿಕ್ ಶೈಲಿ ಮತ್ತೆ ಜನಪ್ರಿಯವಾದ ಕಾಲದವು. ಚೂಪು ಗೋಪುರ ಕಂಡ ಕೂಡಲೆ ಇದೇ ಹಳೆಯದು ಎಂದು ಗೈಡ್ ಹೇಳಿದರೆ ನಂಬಬೇಡಿ.

ಮೈಸೂರಿಗೆ ಹೋಗುವುದಾದರೆ

ಬೆಂಗಳೂರಿನಲ್ಲಿ ಇಷ್ಟೆಲ್ಲ ಇರುವಾಗ 145 ಕಿಲೋಮೀಟರ್ ದೂರದ ಸಂತ ಫಿಲೋಮಿನಾ ಕೆಥೆಡ್ರಲ್‌ಗೆ ಯಾಕೆ ಹೋಗಬೇಕು? ಬರಿಯ ಗಾತ್ರ ಮತ್ತು ನೋಟದ ದೃಷ್ಟಿಯಿಂದ ಉಳಿದ ಯಾವುದೂ ಇದಕ್ಕೆ ಸಮವಲ್ಲ ಎಂಬುದು ಸರಳವಾದ ಉತ್ತರ. 175 ಅಡಿ ಎತ್ತರದ ಜೋಡಿ ಗೋಪುರಗಳು ಜರ್ಮನಿಯ ಕಲೋನ್ ಕೆಥೆಡ್ರಲ್ಲನ್ನು ನೆನಪಿಗೆ ತರುವಂತೆ ಕಟ್ಟಿದವು. ವಿನ್ಯಾಸ ಮಾಡಿದವರು ಡಾಲಿ ಎಂಬ ಫ್ರೆಂಚ್ ಶಿಲ್ಪಿ. 1933ರ ಅಕ್ಟೋಬರ್ 28ರಂದು ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಹಿಂದೂ ಅರಸರು ಕಥೋಲಿಕ ಕೆಥೆಡ್ರಲ್ಲಿಗೆ ಅಡಿಗಲ್ಲಿಟ್ಟ ಪ್ರಸಂಗವನ್ನು ಕೇಳಿ ಆಶ್ಚರ್ಯಪಡುವ ಹೊರರಾಜ್ಯದವರಿಗೆ, ಅದೇ ಜಾಗದಲ್ಲಿ ಅದಕ್ಕೂ ಮೊದಲಿದ್ದ ಚರ್ಚ್ ಮುಮ್ಮಡಿಯವರ ಕಾಲದ್ದು ಎಂಬುದನ್ನೂ ಹೇಳಬೇಕಾಗುತ್ತದೆ.

ಇದರ ಅಧಿಕೃತ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ. ಜನರ ಬಾಯಲ್ಲಿ ಉಳಿದದ್ದು ಫಿಲೋಮಿನಾ ಮಾತ್ರ, ಏಕೆಂದರೆ ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಆಕೆಯ ಪವಿತ್ರ ಅವಶೇಷವಿದೆ. 1961ರಲ್ಲಿ ರೋಮ್ ಆಕೆಯ ಹಬ್ಬವನ್ನು ಪಂಚಾಂಗಗಳಿಂದ ತೆಗೆಸಿದ ಮೇಲೆಯೂ ಮೈಸೂರಿನ ಭಕ್ತಿಗೆ ಕುಂದು ಬಂದಿಲ್ಲ. ಇಕ್ಕಟ್ಟಾದ ಮೆಟ್ಟಿಲಿಳಿದು ಆ ನೆಲಮಾಳಿಗೆಗೆ ಹೋಗಬೇಕು, ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಇದನ್ನು ಗಮನದಲ್ಲಿಡಬೇಕು. ಮೇಲೆ ಕಿಟಕಿಗಳ ಬಣ್ಣದ ಗಾಜಿನಲ್ಲಿ ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆ, ಪುನರುತ್ಥಾನ, ಸ್ವರ್ಗಾರೋಹಣ ಬರುತ್ತವೆ. ಕಥೆ ಗೊತ್ತಿದ್ದವರಿಗೆ ಇವನ್ನು ಗುರುತಿಸಲು ಯಾರ ಸಹಾಯವೂ ಬೇಡ. ಗೊತ್ತಿಲ್ಲದವರು ಹೋಗುವ ಮೊದಲು ಅರ್ಧ ಗಂಟೆ ಓದಿಕೊಂಡರೆ ಗೈಡ್ ಹೇಳುವಷ್ಟನ್ನು ತಾವೇ ತಿಳಿಯಬಹುದು.

ತೊಂದರೆ ಇರುವುದು ಹೋಗುವ ರೀತಿಯಲ್ಲಿ. ಬೆಂಗಳೂರಿನಿಂದ ಹೊರಡುವ ಒಂದು ದಿನದ ಪ್ಯಾಕೇಜ್ ಬಸ್ಸುಗಳು ಶ್ರೀರಂಗಪಟ್ಟಣ, ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವುದರಿಂದ ಕೆಥೆಡ್ರಲ್ಲಿಗೆ ಉಳಿಯುವುದು ಚೂರು ಸಮಯ. ಬಸ್ಸಿನ ಗೈಡ್ ಬಾಗಿಲಲ್ಲೇ ಎರಡು ವಾಕ್ಯ ಹೇಳಿ ‘ಇಪ್ಪತ್ತು ನಿಮಿಷದಲ್ಲಿ ಬಂದುಬಿಡಿ’ ಎನ್ನುತ್ತಾರೆ. ಜನ ಹೊರಗೆ ನಿಂತು ಫೋಟೋ ತೆಗೆಸಿಕೊಂಡು, ಒಳಗೆ ಒಂದು ಸುತ್ತು ಹಾಕಿ, ನೆಲಮಾಳಿಗೆ ಇದೆಯೆಂಬುದೇ ತಿಳಿಯದೆ ವಾಪಸಾಗುತ್ತಾರೆ. ಕೆಥೆಡ್ರಲ್ಲೇ ಮುಖ್ಯವಾದರೆ ಬೆಳಗಿನ ರೈಲು ಹಿಡಿದು ಸ್ವತಂತ್ರವಾಗಿ ಹೋಗುವುದು ಪ್ಯಾಕೇಜಿಗಿಂತ ಎಷ್ಟೋ ಉತ್ತಮ. ಅರಮನೆಗೂ ಸೇರಿಸಿ ಮೈಸೂರಿನಲ್ಲೇ ಒಬ್ಬ ಪರವಾನಗಿ ಹೊಂದಿದ ಗೈಡನ್ನು ಗೊತ್ತು ಮಾಡಿಕೊಳ್ಳುವುದಾದರೆ ಒಡೆಯರ ಚರಿತ್ರೆಯ ಎಳೆ ಎರಡೂ ಕಡೆ ಮುಂದುವರಿಯುತ್ತದೆ, ಹಣವೂ ಪೋಲಾಗುವುದಿಲ್ಲ.

ಯಾವ ಬಗೆಯ ಗೈಡ್

ಬೆಂಗಳೂರಿನಲ್ಲಿ ಮೂರು ಬಗೆಯವರು ಸಿಗುತ್ತಾರೆ. ಪರಂಪರೆಯ ಸಂರಕ್ಷಣೆಗಾಗಿ ದುಡಿಯುವ ಇಂಟ್ಯಾಕ್‌ನ ಬೆಂಗಳೂರು ಶಾಖೆಯಂಥ ಸಂಸ್ಥೆಗಳೂ ಖಾಸಗಿ ಆಯೋಜಕರೂ ನಡೆಸುವ ಗುಂಪು ನಡಿಗೆಗಳು ಒಂದು ಬಗೆ. ಇವುಗಳಲ್ಲಿ ಮಾತಾಡುವವರು ಸಾಮಾನ್ಯವಾಗಿ ಓದಿಕೊಂಡವರು, ಖರ್ಚೂ ಹಂಚಿಹೋಗುತ್ತದೆ. ಆದರೆ ಇಲ್ಲೊಂದು ತೊಡಕಿದೆ: ನಡಿಗೆಗಳು ಹೆಚ್ಚಾಗಿ ನಡೆಯುವುದು ಭಾನುವಾರದ ಬೆಳಿಗ್ಗೆ, ಚರ್ಚ್‌ಗಳಲ್ಲಿ ಆರಾಧನೆ ನಡೆಯುವುದೂ ಅದೇ ಹೊತ್ತಿಗೆ. ಹಾಗಾಗಿ ಗುಂಪು ಹೊರಗೆ ನಿಂತು ಗೋಪುರ ನೋಡಿ ಮುಂದೆ ಸಾಗುವುದೇ ಹೆಚ್ಚು. ಹೆಸರು ನೋಂದಾಯಿಸುವ ಮೊದಲು ‘ಒಳಗೆ ಕರೆದೊಯ್ಯುತ್ತೀರಾ, ಅದಕ್ಕೆ ಅನುಮತಿ ಪಡೆದಿದ್ದೀರಾ’ ಎಂದು ನೇರವಾಗಿ ಕೇಳಬೇಕು. ಸೇಂಟ್ ಮಾರ್ಕ್ಸ್ ವಿಷಯದಲ್ಲಿ ಇದಕ್ಕೆ ಉತ್ತರ ‘ಇಲ್ಲ’ ಎಂದಾದರೆ ಆ ನಡಿಗೆಯನ್ನು ಬಿಟ್ಟುಬಿಡುವುದೇ ಸರಿ, ಫಲಕಗಳೆಲ್ಲ ಇರುವುದು ಒಳಗಡೆ. ಶನಿವಾರ ವಾಸಿ ಎನ್ನಬಹುದಾದರೂ ಮಧ್ಯಾಹ್ನದ ಮೇಲೆ ಮದುವೆಗಳಿರುವ ಸಂಭವವಿದೆ.

ಎರಡನೆಯದು ಖಾಸಗಿ ಗೈಡ್. ಐದಾರು ಮಂದಿಯ ಕುಟುಂಬಕ್ಕೆ, ಅದರಲ್ಲೂ ಶಾಲೆಗೆ ಹೋಗುವ ಮಕ್ಕಳಿದ್ದರೆ, ಇದು ಅನುಕೂಲ. ಮಕ್ಕಳ ಪ್ರಶ್ನೆಗೆ ನಿಂತು ಉತ್ತರ ಕೊಡಬಹುದು, ವಾರದ ದಿನವನ್ನೂ ಆರಿಸಿಕೊಳ್ಳಬಹುದು. ಗೊತ್ತು ಮಾಡುವ ಮೊದಲು ಫೋನಿನಲ್ಲಿಯೇ ಒಂದೆರಡು ಪ್ರಶ್ನೆ ಕೇಳಿ ನೋಡಿ. ಸೇಂಟ್ ಮಾರ್ಕ್ಸ್‌ನಲ್ಲಿ ಬೆಂಕಿಯಾದ ಮೇಲೆ ಏನೇನು ಬದಲಾಯಿತು, ಬಸಿಲಿಕಾಕ್ಕೂ ಕೆಥೆಡ್ರಲ್ಲಿಗೂ ಏನು ವ್ಯತ್ಯಾಸ ಎಂಬಷ್ಟಕ್ಕೆ ತಡವರಿಸುವವರನ್ನು ಬಿಡಬಹುದು. ನಡಿಗೆಗಳೂ ಗೈಡ್‌ಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಸುವುದರಿಂದ ಕನ್ನಡ ಬೇಕೆನ್ನುವವರು ಮೊದಲೇ ಹೇಳಿಡಬೇಕು. ನಾಲ್ಕು ಜನ ಕೇಳಿದರೆ ಆಯೋಜಕರೂ ಏರ್ಪಾಡು ಮಾಡುವುದನ್ನು ಕಲಿಯುತ್ತಾರೆ.

ಮೂರನೆಯ ಬಗೆ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಪ್ರತಿ ಚರ್ಚಿಗೂ ಒಂದು ಕಚೇರಿ ಇರುತ್ತದೆ. ವಾರದ ದಿನ ಅಲ್ಲಿ ಹೋಗಿ, ಕಟ್ಟಡ ನೋಡಬೇಕಿತ್ತು, ಅದರ ವಿಷಯ ತಿಳಿದ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ವಿನಯದಿಂದ ಕೇಳಿದರೆ, ಸಭೆಯ ಹಳೆಯ ಸದಸ್ಯರೊಬ್ಬರು ಸಿಗುವುದುಂಟು. ಅವರು ಹೇಳುವುದರಲ್ಲಿ ಇಸವಿಗಳು ಅಲ್ಲಲ್ಲಿ ತಪ್ಪಬಹುದು. ಆದರೆ ಯಾವ ಬೆಂಚಿನಲ್ಲಿ ಯಾರ ಮನೆಯವರು ಕೂರುತ್ತಿದ್ದರು, ಗಂಟೆಯನ್ನು ಯಾವಾಗ ರಿಪೇರಿ ಮಾಡಿಸಿದರು ಎಂಬಂಥ ಮಾತು ಬೇರೆ ಯಾರಿಂದಲೂ ದೊರೆಯುವುದಿಲ್ಲ. ಹಡ್ಸನ್ ಚರ್ಚಿಗೆ ಹೋಗುವ ಕನ್ನಡಿಗರಿಗೆ ನಾನು ಹೇಳುವುದು ಈ ದಾರಿಯನ್ನೇ. ಇಂಥವರಿಗೆ ಕೈಗೆ ಹಣ ಕೊಡಲು ಹೋಗಬಾರದು, ಕಾಣಿಕೆ ಪೆಟ್ಟಿಗೆಗೆ ಹಾಕಿದರೆ ಸಾಕು.

ಒಳಗೆ ನಡೆದುಕೊಳ್ಳುವ ರೀತಿಯ ಬಗ್ಗೆ ಉದ್ದನೆಯ ಪಟ್ಟಿ ಬೇಕಿಲ್ಲ. ನಮ್ಮ ಗುಡಿಗಳಲ್ಲಿ ಪಾಲಿಸುವ ಮರ್ಯಾದೆಯೇ ಇಲ್ಲಿಯದೂ. ಫೋಟೋ ತೆಗೆಯುವ ಮೊದಲು ಕೇಳಬೇಕು, ಮೈಸೂರಿನಲ್ಲಿ ಒಳಗಿನ ಫೋಟೋಗೆ ನಿರ್ಬಂಧವಿದೆ. ಟೋಪಿ ತೆಗೆದಿರಬೇಕು. ಬಲಿಪೂಜೆಯ ನಡುವೆ ಎದ್ದು ಓಡಾಡಬಾರದು. ಒಂದನ್ನು ಮಾತ್ರ ಒತ್ತಿ ಹೇಳಬೇಕು: ದೇವಸ್ಥಾನದಲ್ಲಿ ಪ್ರಸಾದ ಕೊಟ್ಟಾಗ ಕೈಯೊಡ್ಡುವುದು ನಮಗೆ ರೂಢಿ, ಆ ರೂಢಿಯಲ್ಲೇ ಕೆಲವರು ಪರಮಪ್ರಸಾದದ ಸಾಲಿನಲ್ಲಿಯೂ ಹೋಗಿ ನಿಲ್ಲುತ್ತಾರೆ. ಅದು ಎಲ್ಲರಿಗೂ ಹಂಚುವ ಪ್ರಸಾದವಲ್ಲ, ಕಥೋಲಿಕರಲ್ಲಿ ದೀಕ್ಷೆ ಪಡೆದು ಸಿದ್ಧರಾದವರಿಗೆ ಮಾತ್ರ ಮೀಸಲು. ಆ ಹೊತ್ತಿನಲ್ಲಿ ಸುಮ್ಮನೆ ಕುಳಿತಿರುವುದರಿಂದ ಯಾರೂ ತಪ್ಪು ತಿಳಿಯುವುದಿಲ್ಲ.

ಒಂದೇ ದಿನ ಇರುವವರು ಗುರುವಾರ ಅಥವಾ ಶುಕ್ರವಾರ ಬೆಳಿಗ್ಗೆ ಒಬ್ಬ ಖಾಸಗಿ ಗೈಡ್ ಜೊತೆ ಟ್ರಿನಿಟಿಯಿಂದ ಹೊರಟು ಸೇಂಟ್ ಮಾರ್ಕ್ಸ್ ಮುಗಿಸಿ, ಗೈಡನ್ನು ಅಲ್ಲಿಗೇ ಬೀಳ್ಕೊಟ್ಟು, ಮಧ್ಯಾಹ್ನದ ಮೇಲೆ ತಾವೇ ಬಸಿಲಿಕಾಕ್ಕೆ ಹೋಗುವುದು ನನ್ನ ಸಲಹೆ. ಎಂ.ಜಿ. ರಸ್ತೆಯ ಉದ್ದಕ್ಕೂ ಟ್ರಿನಿಟಿ, ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣಗಳಿರುವುದರಿಂದ ಕಾರು ತರುವ ಅಗತ್ಯವಿಲ್ಲ, ಶಿವಾಜಿನಗರಕ್ಕಂತೂ ತರಲೇಬಾರದು. ಎರಡನೆಯ ದಿನ ಸಿಕ್ಕರೆ ಹಡ್ಸನ್ ಮತ್ತು ಸೇಂಟ್ ಆಂಡ್ರ್ಯೂಸ್. ಮೈಸೂರನ್ನು ಇವುಗಳ ಜೊತೆ ಸೇರಿಸದೆ ಬೇರೆ ವಾರಕ್ಕೆ ಇಟ್ಟುಕೊಳ್ಳಬೇಕು. ಕ್ರಿಸ್‌ಮಸ್ ವಾರ, ಗುಡ್ ಫ್ರೈಡೇ, ಈಸ್ಟರ್ ದಿನಗಳಲ್ಲಿ ಯಾವ ಚರ್ಚಿನಲ್ಲಿಯೂ ನೋಡುಗರಿಗೆ ಬಿಡುವಿರುವುದಿಲ್ಲವಾದ್ದರಿಂದ ಹೊರಡುವ ಹಿಂದಿನ ದಿನ ಚರ್ಚಿನ ಕಚೇರಿಗೆ ಫೋನ್ ಮಾಡಿ, ಮಾರನೆಯ ದಿನ ವಿಶೇಷ ಆರಾಧನೆ, ಮದುವೆ ಅಥವಾ ಶವಸಂಸ್ಕಾರ ಇದೆಯೇ ಎಂದು ಕೇಳ್ಕೊಂಡು ಹೋಗುವುದು ಒಳ್ಳೆಯದು.